ಗುಟುಕು ಹಾಕುವ ಹೊಲ

ಎಲ್ಲಕ್ಕೂ ಕಾರಣ ಹುಲ್ಲು. ಎರಡು ವರ್ಷದಿಂದ ಅವನು ತನ್ನ ಮೆಣಸಿನಕಾಯಿ ಹೊಲಕ್ಕೆ ನೇಗಿಲು ಹೂಡಿರಲಿಲ್ಲ. ಹಿಂದಿನ ಬೆಳೆಯ ಕೂಳೆಯನ್ನು ಹಾಗೇ ಬಿಟ್ಟು, ಮೇಲೆ ಒಣಹುಲ್ಲು ಹೊದಿಸಿ, ನಡುನಡುವೆ ಸಸಿ ನೆಟ್ಟಿದ್ದ. ಜನ ಅವನಿಗೆ ಹುಲ್ಲಪ್ಪ ಎಂದು ಹೆಸರಿಟ್ಟರು. ಈಚೆಗೆ ಹೆಂಡತಿಯೂ ಹಾಗೆ ಕರೆಯಲು ಬಾಯಿ ತೆರೆದು, ಅರ್ಧಕ್ಕೆ ನುಂಗಿಕೊಳ್ಳುತ್ತಿದ್ದಳು.

ಅಂದು ಅವನ ಕಾಲುವೆ ನೀರಿನ ಸರದಿ. ಬೆಳಿಗ್ಗೆ ಹೋಗಿ ನೋಡಿದರೆ ಬದುವಿನ ಮೇಲೆ ಇಬ್ಬರು ನಿಂತಿದ್ದರು. ಒಬ್ಬ, ಕಾಲುವೆಯ ತೂಬುಗಳನ್ನೆಲ್ಲ ಎತ್ತಿ ಇಳಿಸಿ, ಸರದಿಯಂತೆ ಹೊಲಗಳಿಗೆ ನೀರು ಬಿಡುವ ನೀರುಗಂಟಿ. ಇನ್ನೊಬ್ಬ ಪಕ್ಕದ ಹೊಲದ ಭಾವ, ಹೆಂಡತಿಯ ಅಣ್ಣ. ತನ್ನ ಹೊಲವನ್ನು ಉತ್ತು, ಮತ್ತೆ ಉತ್ತು, ಹಿಟ್ಟಿನ ಹಾಗೆ ಮಾಡಿಟ್ಟಿದ್ದ.

ಸುತ್ತಲಿನ ಹೊಲಗಳೆಲ್ಲ ಬೂದಿಬಣ್ಣಕ್ಕೆ ತಿರುಗಿದ್ದವು. ಹುಲ್ಲಪ್ಪನ ಹುಲ್ಲಿನ ಸಂದಿಯಿಂದ ಮಾತ್ರ ತೆಳ್ಳಗೆ ಹಬೆ ಏಳುತ್ತಿತ್ತು, ಕಂಬಳಿಯೊಳಗೆ ಯಾರೋ ಮಲಗಿರುವಂತೆ.

"ನಿನ್ನ ಹೊಲ ಉಸಿರಾಡ್ತಾ ಇದೆ ಕಣೋ," ಅಂದ ಭಾವ, ಕಾಯಿಲೆಯವರ ಕೋಣೆಯಲ್ಲಿ ಮಾತಾಡುವ ದನಿಯಲ್ಲಿ.

"ತೇವ ಭಾವ, ತೇವ. ಹುಲ್ಲಿನಡಿ ಬಿಸಿಲು ಗಾಳಿ ತಾಗಲ್ಲ. ಅದಕ್ಕೇ ಆರಲ್ಲ."

ನೀರುಗಂಟಿ ಕೋಲಿನ ತುದಿಯಿಂದ ಹುಲ್ಲು ಸರಿಸಿದ. ಮಣ್ಣು ಕಾಡಿಗೆಯಂತಿತ್ತು. ಬೆರಳಿಟ್ಟರೆ ಒಳಗಿಳಿಯಿತು. "ಎಲ್ಲರ ಹೊಲ ಬಾಯಿಬಿಟ್ಟಿದೆ, ನಿಂದು ಒಂದೇ ಒದ್ದೆ. ಕದ್ದು ತೂಬು ಎತ್ತಿದ್ಯೇನಯ್ಯ?"

"ಕದ್ದಿಲ್ಲ. ಬಿದ್ದ ನೀರು ಎಲ್ಲಿಗೆ ಹೋಗುತ್ತೆ ನೋಡಿ," ಅಂದ ಹುಲ್ಲಪ್ಪ. ಕಾಲುವೆಯಿಂದ ಒಂದು ಕೊಡ ನೀರು ತಂದು ಭಾವನ ಹೊಲಕ್ಕೆ ಸುರಿದ. ಹಿಟ್ಟಿನಂಥ ಮಣ್ಣು ಕೆನೆಗಟ್ಟಿತು. ನೀರು ದಾರಿ ತಪ್ಪಿದ ಕರುವಿನಂತೆ ಅತ್ತಿತ್ತ ಸುಳಿದು, ಕೆಸರು ಹೊತ್ತು ಸಾಲಿನಗುಂಟ ಹರಿದುಹೋಯಿತು. ಇನ್ನೊಂದು ಕೊಡ ತಂದು ತನ್ನ ಹೊಲಕ್ಕೆ ಸುರಿದ.

ಗುಟುಕ್.

ಮೇಲೆ ಒಂದು ಹನಿ ಉಳಿಯಲಿಲ್ಲ. ಮೂವರೂ ಕಾದರು. ಗಾಳಿಯೂ ನಿಂತಿತು. ಆಮೇಲೆ ಆಳದಿಂದ, ನಿಧಾನವಾಗಿ, ಮತ್ತೊಮ್ಮೆ: ಗುಟುಕ್.

ಭಾವ ಒಂದು ಕಾಲನ್ನು ನೆಲದಿಂದ ಮೇಲೆತ್ತಿಕೊಂಡ.

"ಎರೆಹುಳದ ತೂತು," ಅಂದ ಹುಲ್ಲಪ್ಪ. ಆದರೆ ಅಷ್ಟು ಹತ್ತಿರದಿಂದ ಅವನೂ ಕೇಳಿರಲಿಲ್ಲ.

ನೀರುಗಂಟಿ ಎರಡು ಹೆಜ್ಜೆ ಹಿಂದೆ ನಿಂತು ನ್ಯಾಯ ಹೇಳಿದ. "ಕದ್ದಿಲ್ಲ, ಒಪ್ಪಿದೆ. ಆದ್ರೆ ಒದ್ದೆ ಹೊಲಕ್ಕೆ ಸರದಿ ಯಾಕೆ? ಇದು ಕುಡಿಯೋ ಪರಿ ನೋಡಿದ್ರೆ ಕಾಲುವೇನೇ ನುಂಗುತ್ತೆ. ಎಲ್ಲರ ಹೊಲದ ಹಾಗೆ ಒಣಗಲಿ, ಸಂಜೆಯೊಳಗೆ ಬಂದು ಹೇಳಿದ್ರೆ ನೀರು ಬಿಡ್ತೀನಿ."

ಹುಲ್ಲಪ್ಪ ತನ್ನ ಗಿಡಗಳತ್ತ ನೋಡಿದ. ಗಿಡ ಹೂ ಬಿಟ್ಟಿತ್ತು. ಈ ತೇವ ಮುಂದಿನ ಸರದಿವರೆಗೆ ಬಾಳುವುದಿಲ್ಲ. ಅಷ್ಟರಲ್ಲಿ ಹೂವೆಲ್ಲ ಉದುರಿರುತ್ತದೆ.

ಹೆಂಡತಿಯನ್ನು ಕರೆದು ಹುಲ್ಲು ಎಳೆಯಲು ನಿಂತ.

"ತಲೆ ನೆಟ್ಟಗಿದ್ಯಾ ನಿಮಗೆ? ಮಲಗಿರೋ ಮಗೂನ ಹೊದಿಕೆ ಕಿತ್ತಂಗೆ!"

"ನೀರು ಬಂದ ತಕ್ಷಣ ಮತ್ತೆ ಹೊದಿಸ್ತೀನಿ ಕಣೆ. ಎಳಿ."

ಇಬ್ಬರೂ ಹೊಲವೆಲ್ಲ ತುಳಿದಾಡಿ ಹುಲ್ಲನ್ನು ಬದುವಿನ ಪಕ್ಕ ಒಟ್ಟಿದರು. ಬೆತ್ತಲಾದ ಮಣ್ಣಿಗೆ ಬಿಸಿಲು ಬಿದ್ದದ್ದೇ ಹಬೆ ಒಟ್ಟಿಗೇ ಎದ್ದು, ಆಳೆತ್ತರ ನಿಂತು, ಬದು ದಾಟಿ ಭಾವನ ಹೊಲದ ಕಡೆ ಹೋಯಿತು. ಪಕ್ಕದಲ್ಲಿ ಯಾರೋ ಹಾದುಹೋದಂತಾಗಿ ಹೆಂಡತಿ ಸೆರಗು ಬಿಗಿ ಮಾಡಿಕೊಂಡು, ಒಲೆ ಮೇಲೇನೋ ಇಟ್ಟಿದ್ದೇನೆಂದು ಹೇಳಿ ಮನೆಗೆ ಹೊರಟೇಬಿಟ್ಟಳು.

ಬಿಸಿಗಾಳಿ ಉಳಿದ ಕೆಲಸ ಮಾಡಿತು. ಮಧ್ಯಾಹ್ನ ಕಳೆಯುವಷ್ಟರಲ್ಲಿ ಮೇಲ್ಮಣ್ಣು ಬಿಳಿಚಿಕೊಂಡಿತು. ಗಿಡಗಳು ಬೈಸಿಕೊಂಡ ಮಕ್ಕಳಂತೆ ತಲೆ ಇಳಿಬಿಟ್ಟವು. ಹೊಲ ಒಣಗಿದ್ದಕ್ಕೆ ಅಷ್ಟು ಸಂತೋಷಪಟ್ಟ ರೈತ ಇನ್ನೊಬ್ಬನಿರಲಾರ. ಹುಲ್ಲಪ್ಪ ನೀರುಗಂಟಿಯನ್ನು ಹುಡುಕಿ ಮೇಲಿನ ತೂಬಿಗೆ ಓಡಿದ, ಅಲ್ಲಿಂದ ಅದರ ಮೇಲಿನ ತೂಬಿಗೆ. ಎಲ್ಲೂ ಸಿಗದೆ, ಹೊತ್ತು ಇಳಿದಾಗ ಹಿಂತಿರುಗಿದರೆ ಆತ ಹುಲ್ಲಪ್ಪನ ಬದುವಿನ ಮೇಲೇ ಕೂತಿದ್ದ.

"ಒಣಗಿದೆ ನೋಡಿ!"

ನೀರುಗಂಟಿ ಬೆರಳಿಟ್ಟು ನೋಡಿದ. "ಭೇಷ್. ಈಗ ನ್ಯಾಯವಾಗಿ ನೀರು ನಿಂದೇ."

"ತೂಬು ಎತ್ತಿ ಮತ್ತೆ."

"ನೀರೆಲ್ಲಿದೆ ಎತ್ತೋಕೆ? ನಿನ್ನ ಭಾವನಿಗೆ ಬಿಟ್ಟೆ. ಹುಲ್ಲಪ್ಪ ಬೇಸಾಯಾನೇ ಬಿಟ್ಟ, ಹುಲ್ಲೂ ಬಿಸಾಕಿದ್ದಾನೆ ಅಂತ ಬಂದು ಹೇಳಿದ. ನೋಡಿದ್ರೆ ನೀನೂ ಇಲ್ಲ."

ಹುಲ್ಲಪ್ಪ ತಿರುಗಿದ. ಒಟ್ಟಿದ್ದ ಹುಲ್ಲು ಇರಲಿಲ್ಲ. ಬದುವಿನಾಚೆ ಭಾವನ ಹೊಲ ಉದ್ದಕ್ಕೂ ಅದನ್ನೇ ಹೊದ್ದು ಮಲಗಿತ್ತು.

ಅಷ್ಟರಲ್ಲಿ ಆ ಕಡೆಯಿಂದ ಭಾವ ಚಪ್ಪಲಿ ಕೈಯಲ್ಲಿ ಹಿಡಿದು ಓಡಿಬಂದ.

"ನನ್ನ ಹೊಲ ಗುಟುಕು ಹಾಕ್ತಾ ಇದೆ ಕಣೋ! ಅದೇನು ಕಳಿಸಿದ್ಯೋ, ವಾಪಸ್ ಕರ್ಕೋ!"

ಹುಲ್ಲಪ್ಪ ಬಗ್ಗಿ ತನ್ನ ನೆಲಕ್ಕೆ ಕಿವಿಯಿಟ್ಟ. ಒಳಗೆ ಏನೂ ಇರಲಿಲ್ಲ. ಕುಡಿಯಲು ತಂದಿದ್ದ ತಂಬಿಗೆಯ ನೀರನ್ನು ಒಂದು ಗಿಡದ ಬುಡಕ್ಕೆ ಸುರಿದ. ತುಳಿದು ಗಟ್ಟಿಯಾದ ಮಣ್ಣಿನ ಮೇಲೆ ಅದು ಒಂದು ಕ್ಷಣ ನಿಂತಿತು. ಆಮೇಲೆ ಮೆಲ್ಲಗೆ ಹೊರಟು, ಬದುವಿನ ಕಿಂಡಿ ಹುಡುಕಿಕೊಂಡು, ಆಚೆಯ ಹುಲ್ಲಿನಡಿ ನುಸುಳಿತು.

ಗುಟುಕ್.