ಅತ್ತೆಯವರಿಗಿಂತ ಮೊದಲು ದೇವದುರ್ಗ ಮುಟ್ಟಿದ ಹಾಡುಗಳು

ಸಾಲು ಎಂದರೆ ನನಗೆ ಮೊದಲಿನಿಂದಲೂ ಭಯಭಕ್ತಿ. ಕಾನ್ವೆಂಟಿನ ಸಿಸ್ಟರುಗಳು ನೀರಿನ ನಲ್ಲಿಗೂ ನಮ್ಮನ್ನು ಕೈಕಟ್ಟಿ ಸಾಲಾಗಿ ನಿಲ್ಲಿಸುತ್ತಿದ್ದರು. ಅಕ್ಕಿ ಗಿರಣಿಯವರ ಸೊಸೆಯಾದ ಮೇಲೆ ಊಟಕ್ಕೂ ಸಾಲಿನ ಕೊನೆಯೇ ನನ್ನ ಜಾಗ. ಆದರೆ ನಿಂತ ಸಾಲನ್ನು ನಿಂತ ಹಾಗೆಯೇ ಎತ್ತಿ ಬೇರೆ ಊರಿನಲ್ಲಿ ಇಡಬಹುದೆಂದು ನನಗೆ ತೋರಿಸಿದವಳು ನನ್ನ ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ, ಶಿವಲೀಲಾ.

ನಮ್ಮ ಗಿರಣಿ ಮಾನ್ವಿಯಲ್ಲಿ, ಅಂಗಡಿ ದೇವದುರ್ಗದಲ್ಲಿ, ಮನೆ ರಾಯಚೂರಿನಲ್ಲಿ. ಮೂರೂ ಕಡೆ ಒಂದೇ ಜಾತಿಯ ಪ್ರಿಂಟರ್. ಅವನ್ನೆಲ್ಲ ಒಂದೇ ನೆಟ್‌ವರ್ಕಿಗೆ ಕಟ್ಟಿದವಳು ಅಂಗಡಿಯಲ್ಲಿ ಕೂಡುವ ಶಿವಲೀಲಾ. ತಾನೇ ಬರೆದ ಸಣ್ಣದೊಂದು ಪ್ರೋಗ್ರಾಂ ಇಟ್ಟುಕೊಂಡಿದ್ದಾಳೆ. ಒಂದು ಕೈಯಲ್ಲಿ ಪುಂಡಿಪಲ್ಲೆಯ ಎಲೆ ಬಿಡಿಸುತ್ತ ಇನ್ನೊಂದರಲ್ಲಿ ಏನೋ ಟೈಪು ಮಾಡಿದಳೆಂದರೆ, ಮಾನ್ವಿಯಲ್ಲಿ ಸಿಕ್ಕಿಬಿದ್ದ ಬಿಲ್ಲು ಸರಾಗ ಹೊರಬರುತ್ತದೆ. ಪೋರ್ಟ್ ಎಂದರೆ ಕಾಗದ ಹೋಗುವ ಬಾಗಿಲು, ಕ್ಯೂ ಎಂದರೆ ಆ ಬಾಗಿಲ ಮುಂದೆ ಕಾದು ನಿಂತವರು ಎಂದು ನನಗೂ ಕಲಿಸಿದ್ದಾಳೆ. ಅಷ್ಟಕ್ಕೇ ನಾನು ನೆರೆಮನೆಯವರ ಮುಂದೆ ತುಸು ಗತ್ತಿನಿಂದ ಮಾತಾಡುತ್ತೇನೆ.

ಕಳೆದ ಸೋಮವಾರ ಸಂಜೆ ದೇವದುರ್ಗದ ಮಠವೊಂದರಲ್ಲಿ ಭಜನೆಯಿತ್ತು. ಅತ್ತೆಯವರೇ ಮುಂದೆ ಕೂತು ಹಾಡಿಸಬೇಕಾಗಿದ್ದದ್ದು ಅದೇ ಮೊದಲು. ಅವರಿಗೆ ಕಣ್ಣು ಮಂಜು. ಹಾಡುಗಳನ್ನು ಅವರೆಕಾಳಿನಷ್ಟು ದಪ್ಪ ಅಕ್ಷರದಲ್ಲಿ ತೆಗೆದುಕೊಡುತ್ತೇನೆಂದು ಮಾತು ಕೊಟ್ಟಿದ್ದೆ. ಬಸ್ಸಿನ ಹೊತ್ತಿಗೆ ಗುಂಡಿ ಒತ್ತಿದರೆ ನಮ್ಮ ಪ್ರಿಂಟರ್ ಉಸಿರೆತ್ತಲಿಲ್ಲ. ಹಿಂದಿನ ದಿನ ಕರೆಂಟು ಹೋಗಿ ಬಂದಾಗಿನಿಂದ ಅದರದು ಮೌನವ್ರತ. ಅತ್ತೆಯವರು ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತುಬಿಟ್ಟರು.

"ನಡುವ ಮರತು ನಿಂತ್ರ ಆ ಭಜನಿ ಹೆಣ್ಮಕ್ಕಳು ವರ್ಸಾನಗಟ್ಲೆ ಆಡ್ಕೋತಾರ. ಕಾಗದ ಇಲ್ಲಂದ್ರ ನಾ ಒಲ್ಲೆ ಯವ್ವಾ."

ಶಿವಲೀಲಾಗೆ ಫೋನು ಹಚ್ಚಿದೆ. "ಪ್ರಿಂಟರಿನ ವಿಳಾಸ ಬದಲಾಗ್ಯದ್ರೀ ಅಕ್ಕಾರ. ನಿಮ್ಮ ಕಂಪ್ಯೂಟರ್ ಇನ್ನೂ ಹಳೇ ಬಾಗ್ಲಾನ ಬಡ್ಯಾಕತ್ತದ," ಎಂದಳು.

"ಹಂಗಂದ್ರ ಲಗೂನ ಸರಿ ಮಾಡವ್ವ."

"ಅತ್ತ್ಯಾರು ಬರೂದು ಇಲ್ಲಿಗೇ ಅಲ್ಲೇನ್ರೀ? ನಿಮ್ಮ ಕ್ಯೂನ ನಮ್ಮ ಪ್ರಿಂಟರ್ ಕಡಿ ತಿರುಗಸ್ತೀನಿ. ಹಾಡು ಇಲ್ಲೇ ಕಾಯ್ತಿರ್ತಾವ. ಅವರು ಕೈಬೀಸಿಕೊಂಡು ಬರ್ಲಿ."

ಇಂಥ ಬುದ್ಧಿ ನನಗೆ ಏಳು ಜನ್ಮಕ್ಕೂ ಹೊಳೆಯದು. ಅತ್ತೆಯವರಿಗೆ ವಿವರಿಸಿದೆ.

"ಕಾಗದ ಹ್ಯಾಂಗ ಹೋಗ್ತಾವ?"

"ತಂತಿಯಾಗ್ರೀ ಅತ್ತೀ."

"ಸುರುಳಿ ಸುತ್ತಿ ತುರಕ್ತಾಳೇನು?"

ಅಷ್ಟರಲ್ಲಿ ಶಿವಲೀಲಾ ಫೋನಿನಲ್ಲೇ ಒಂದು ಹಾಡಿನ ಪಲ್ಲವಿಯನ್ನು ಬಿಸಿಬಿಸಿ ಹಾಳೆಯಿಂದ ಓದಿ ಹೇಳಿದಳು. ಅತ್ತೆಯವರು ಎದ್ದು ಚಪ್ಪಲಿ ಮೆಟ್ಟಿದರು. ದೇವದುರ್ಗದಲ್ಲಿ ಕೂತು ರಾಯಚೂರಿನ ಅತ್ತೆಯನ್ನು ಎಬ್ಬಿಸುವ ಪ್ರೋಗ್ರಾಂ ಇನ್ನೆಲ್ಲಾದರೂ ಇದೆಯೋ ನಾ ಕಾಣೆ.

ಭಜನೆ ಮುಗಿಸಿ ಅತ್ತೆಯವರೇ ಫೋನು ಮಾಡಿದರು. ಎಲ್ಲಿಯೂ ತಡವರಿಸಲಿಲ್ಲವಂತೆ, ಅಕ್ಷರ ಬೆಳಕಿನ ಹಾಗೆ ಕಂಡವಂತೆ. ನಾನು ಹಿಗ್ಗುತ್ತಿದ್ದೆ. ಆದರೆ ಕ್ಯೂ ತಿರುಗಿಸಿದರೆ ಅದರಲ್ಲಿ ನಿಂತವರೆಲ್ಲರೂ ತಿರುಗಿ ಹೋಗುತ್ತಾರೆ. ಹಿಂದಿನ ದಿನ ನಾನು ಪತ್ರಿಕೆಗೆಂದು ಬರೆದು, ಗುಂಡಿ ಒತ್ತಿ, ಮರೆತೇಬಿಟ್ಟಿದ್ದ ಪ್ರಬಂಧವೊಂದು ಹಾಡುಗಳಿಗಿಂತ ಮುಂದೆ ನಿಂತಿತ್ತು. ವಿಷಯ: ನನ್ನ ಸಾರನ್ನು ಅತ್ತೆಯವರು ರುಚಿ ನೋಡುವ ಬಗೆ.

"ಚಲೋ ಬರ್ದೀಯವ್ವ," ಎಂದರು ಅತ್ತೆಯವರು. "ಆದ್ರ ಅದರ ಅಕ್ಷರ ಯಾಕ ಅಷ್ಟು ಸಣ್ಣ ಮಾಡೀದಿ? ನನಗ ಕಾಣಸ್ಲಿಲ್ಲ. ಶಿವಲೀಲಾನೇ ಓದಿ ಹೇಳಿದ್ಳು, ಮೈಕಿನ್ಯಾಗ."