ರಾಂಜಣಗಾಂವದ ತಗಡಿನ ಶೆಡ್ಡು

ಕಾರ್ಖಾನೆಗಳ ಮಾಡಿಗೆ ಗಾಳಿಕಿಂಡಿ ಇಡಿಸುವುದು, ತಗಡಿನ ಕೆಳಗೆ ಶಾಖ ತಡೆಯುವ ಹಾಸು ಹಾಕಿಸುವುದು ನನ್ನ ಉದ್ಯೋಗ. ಸಂಜೆ ನಿಗಡಿಯ ಮನೆ ಸೇರಿದ ಕೂಡಲೇ ಹೆಂಡತಿ ಚಹಾ ಕೊಡುತ್ತ, "ಇವತ್ತೇನಾತ್ರಿ?" ಎಂದು ಕೇಳುತ್ತಾಳೆ. ಏನೂ ಆಗದ ದಿನವೇ ಅಪರೂಪ. ಅದರಲ್ಲೂ ರಾಂಜಣಗಾಂವದ ಆ ವರ್ಕ್‌ಶಾಪು ಒಂದು ಬೇಸಿಗೆಯಿಡೀ ಅವಳನ್ನು ನಗಿಸಿತು. ಮಾಲೀಕರು ಬೆಳಗಾವಿ ಕಡೆಯವರು, ಅವರ ಅಳಿಯನೇ ಮ್ಯಾನೇಜರು.

ಸ್ವೆಟರ್ ಮೀಟಿಂಗು

ಶೆಡ್ಡಿನ ಝಳ ತಾಳಲಾರದೆ ವೆಲ್ಡರುಗಳು ಕೆಲಸ ಬಿಡತೊಡಗಿದ್ದರು. ಅದಕ್ಕೇ ನನ್ನನ್ನು ಕರೆಸಿದ್ದು. ಮೀಟಿಂಗು ಎಸಿ ಕ್ಯಾಬಿನ್ನಿನಲ್ಲಿ. ಮ್ಯಾನೇಜರು ಸ್ವೆಟರಿನ ಗುಂಡಿ ಹಾಕಿಕೊಳ್ಳುತ್ತ, "ಈ ವರ್ಷ ಅಷ್ಟೇನ್ ಝಳ ಇಲ್ಲ ಬಿಡ್ರಿ. ಮುಂದಿನ ವರ್ಷ ನೋಡೂಣು," ಎಂದರು.

"ನಕ್ಷೆ ಶೆಡ್ಡಿನೊಳಗ ತೋರಸ್ತೀನಿ, ಬರ್ರಿ," ಎಂದು ಕರೆದೊಯ್ದೆ. ಮಟಮಟ ಮಧ್ಯಾಹ್ನ. ಸಾಹೇಬರು ಮೊದಲು ಸ್ವೆಟರು ತೆಗೆದರು, ಆಮೇಲೆ ಕುತ್ತಿಗೆ ಒರೆಸಿಕೊಂಡರು. ನಾನು ನಕ್ಷೆಯ ಸುರುಳಿ ಬಿಚ್ಚುವಷ್ಟರಲ್ಲಿ, "ಮಂಜೂರ್ರಿ. ಉಳಿದದ್ದು ಒಳಗ ಕೂತು ಮಾತಾಡೂಣು," ಎನ್ನುತ್ತ ಹೊರಟೇಬಿಟ್ಟಿದ್ದರು.

ಮಷೀನಿನ ನೆರಳು

ಹಾಸು ಮೊದಲು ಎಲ್ಲಿ? ವೆಲ್ಡರುಗಳು ನಿಲ್ಲುವ ಕಡೆ ಎಂದೆ. ಮಾಲೀಕರು ಒಪ್ಪಲಿಲ್ಲ.

"ಹೊರದೇಶದ ಮಷೀನ್ ಬಂದದ. ಝಳ ಆದ್ರ ನಿಂತಬಿಡ್ತದ. ಮೊದಲ ಅದರ ತಲಿ ಮ್ಯಾಲ ಹಾಕ್ರಿ."

"ಮಂದಿಗೂ ಝಳ ಆಗ್ತದಲ್ರಿ?"

"ಮಂದಿಗೆ ರೂಢಿ ಅದ."

ಹಾಕಿಸಿದೆ. ಮರುದಿನ ಊಟದ ಹೊತ್ತಿಗೆ ಶೆಡ್ಡಿನ ಜನವೆಲ್ಲ ಡಬ್ಬಿ ಹಿಡಿದು ಬಂದು ಮಷೀನಿನ ಸುತ್ತ ಕೂತರು. ಮಾಲೀಕರು ನೋಡಿ, "ಎಲ್ಲಾರೂ ಇಲ್ಲೇ ಯಾಕ ಕೂತೀರಿ?" ಎಂದರು.

ವಿಜಯಪುರ ಕಡೆಯ ಹಿರಿಯ ವೆಲ್ಡರೊಬ್ಬರು ರೊಟ್ಟಿ ಮುರಿಯುತ್ತ ಹೇಳಿದರು: "ಹೊರದೇಶದಿಂದ ಬಂದದ್ರಿ ಶೇಟ. ಅದಕ್ಕ ಒಬ್ಬಂಟಿ ಅನಸಬಾರ್ದು."

ಮುಂದಿನ ವಾರ ಉಳಿದ ಮಾಡಿಗೂ ಹಾಸು ಬಂತು.

ರವಿವಾರದ ಫೋನು

ಕೊನೆಗೆ ಮಾಡಿನ ಮೇಲೆ ಗುಂಡನೆಯ ಪಂಖಗಳನ್ನು ಕೂರಿಸಿದೆವು. ಗಾಳಿ ಬೀಸಿದರೆ ತಾವಾಗಿ ತಿರುಗಿ ಒಳಗಿನ ಬಿಸಿಯನ್ನು ಹೊರಗೆಳೆಯುತ್ತವೆ, ಕರೆಂಟು ಬೇಡ. ರವಿವಾರ ಮಾಲೀಕರ ಫೋನು.

"ಇವತ್ತ ಸೂಟಿ. ಆದರೂ ಪಂಖಾ ತಿರಗಲಿಕ್ಕತ್ತಾವ. ಬಂದ್ ಮಾಡ್ರಿ."

"ಗಾಳಿಗೆ ತಿರಗತಾವ್ರಿ. ಅವಕ್ಕ ಬಟನ್ ಇಲ್ಲ."

"ಸುಮ್ಮನ ಸವೀತಾವಲ್ರಿ?"

ಸೋಮವಾರ ಮತ್ತೆ ಫೋನು. "ಎಂಥಾ ಮಾಲು ಕೊಟ್ಟೀರಿ? ಒಂದೂ ತಿರಗವಲ್ದು."

ಓಡಿಹೋಗಿ ಮಾಡು ಹತ್ತಿದೆ. ಪ್ರತಿಯೊಂದು ಪಂಖಕ್ಕೂ ಸುತಳಿ ಬಿಗಿದಿತ್ತು. ಮಾಲೀಕರ ಹುಕುಮಿನಂತೆ ಕಟ್ಟಿದ ವಾಚ್‌ಮನ್, ಬಿಚ್ಚುವುದನ್ನು ಮರೆತು ಮನೆಗೆ ಹೋಗಿದ್ದ. ಸುತಳಿ ಕತ್ತರಿಸಿದೆ, ಎಲ್ಲವೂ ಗರಗರ ತಿರುಗಿದವು. ಕೆಳಗಿಳಿದಾಗ ಮಾಲೀಕರು ನನ್ನನ್ನು ಪಕ್ಕಕ್ಕೆ ಕರೆದು, ಬಹಳ ಗಂಭೀರವಾಗಿ ಕೇಳಿದರು:

"ರವಿವಾರ ಸೂಟಿ ತಗೊಳ್ಳೋ ಮಾಡೆಲ್ ಬರೂದಿಲ್ಲೇನ್ರಿ?"