ಕಾಕಾ ತಂದ ಬಾಂಗಡಿ

ನಮ್ಮ ಕಾಕಾ ಹಾನಗಲ್ಲಿನ ಮನೆಯ ಕಟ್ಟೆಯ ಮೇಲೆ ಕುಳಿತು, ಕುಮಟೆಯ ಸಮುದ್ರದಲ್ಲಿ ಈಗ ಭರತವೋ ಇಳಿತವೋ ಹೇಳುತ್ತಿದ್ದರು. ಒಮ್ಮೆಯೂ ತಪ್ಪಿಲ್ಲ ಎಂಬುದು ಅವರ ವಾದ. ಘಟ್ಟ ಇಳಿದು ಹೋಗಿ ನೋಡಿಬರಲು ನಮಗ್ಯಾರಿಗೆ ಪುರುಸೊತ್ತಿತ್ತು!

ಇಲ್ಲಿ ಕೆಲವು ವಿವರಗಳನ್ನು ನಾನು ತಪ್ಪಾಗಿ ನೆನೆಯುತ್ತಿರಬಹುದು. ಎಪ್ಪತ್ತರ ದಶಕದ ಕೊನೆಯ ಮಾತು. ನಾನು ಧಾರವಾಡದಲ್ಲಿ ಎಂ.ಎ. ಓದುತ್ತಿದ್ದೆ. ಆಗಿನ ದಿನಚರಿ ನನ್ನ ಹತ್ತಿರ ಇದೆ, ನಿಜ. ಆದರೆ ಅದನ್ನು ಬರೆದವಳೂ ನಾನೇ ಅಲ್ಲವೆ? ನಗು ಬರುವಂಥದ್ದನ್ನು ಆಗಲೂ ಸ್ವಲ್ಪ ಎಳೆದೇ ಬರೆಯುತ್ತಿದ್ದೆ.

ಕಾಕಾ ನನ್ನ ಅಪ್ಪನ ತಮ್ಮ. ಹಾನಗಲ್ ಪೇಟೆಯ ಅಡಿಕೆ ಅಂಗಡಿಯೊಂದರಲ್ಲಿ ತೂಕ ಹಾಕುವ ಕೆಲಸ. ಮೀನು ಮುಟ್ಟದ ಮನೆ ನಮ್ಮದು. ಅಂಥವರು ಒಂದು ಚಳಿಗಾಲದ ಮಟ್ಟಿಗೆ ಮೀನು ಸಮೀಕ್ಷೆಯ ಕೆಲಸಕ್ಕೆ ಅರ್ಜಿ ಹಾಕಿದ್ದೇ ತಪ್ಪು ತಿಳಿದು. ಮೀನು ಎಂದರೆ ಕೆರೆಯದು; ಊರ ಕೆರೆಯ ಏರಿಯ ಮೇಲೆ ಕುಳಿತು ಎಣಿಸಿ, ಮಧ್ಯಾಹ್ನ ಊಟಕ್ಕೆ ಮನೆಗೆ ಬರಬಹುದು ಎಂದುಕೊಂಡಿದ್ದರು. ಸಂದರ್ಶನದಲ್ಲಿ, ಮೀನಿನ ಬಗ್ಗೆ ಏನು ಗೊತ್ತು ಎಂದು ಕೇಳಿದರಂತೆ. "ನೀರಾಗ ಇರ್ತಾವ್ರಿ" ಎಂದರಂತೆ ಕಾಕಾ. ಕೆಲಸ ಸಿಕ್ಕಿತು! ಬೇರೆ ಯಾರೂ ಬಂದಿರಲಿಲ್ಲ ಎಂದು ಅವರ ಹೆಂಡತಿ, ನಮ್ಮ ಕಾಕು, ಹೇಳುತ್ತಿದ್ದಳು.

ಎಣಿಸಬೇಕಾದದ್ದು ಕುಮಟೆಯ ಸಮುದ್ರದ ಮೀನು ಎಂದು ಆಮೇಲೆ ತಿಳಿಯಿತು. ಕಾಕು ಜೊತೆಗೆ ಹೋಗಲಿಲ್ಲ. ಅಲ್ಲಿ ಉಸಿರಾಡಿದರೂ ಮೀನು ತಿಂದ ಹಾಗೆಯೇ ಎಂಬುದು ಅವಳ ಲೆಕ್ಕ. ರಜೆಯಲ್ಲಿ ನಾನು ಹೊರಟಾಗ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಟ್ಟಳು. ದಂಡೆಯ ಮೇಲೆ ಕಾಕಾನನ್ನು ಗುರುತು ಹಿಡಿಯುವುದೇ ಕಷ್ಟವಾಯಿತು. ಮೂಗು, ಬಾಯಿಗೆ ಟವೆಲ್ ಸುತ್ತಿ, ಕಣ್ಣಷ್ಟೇ ಬಿಟ್ಟುಕೊಂಡು ನಿಂತಿದ್ದರು. ದೋಣಿ ತಂದ ಮೀನು ಯಾವುವು, ಎಷ್ಟು ಎಂದು ಬರೆದುಕೊಳ್ಳಬೇಕು. ಕೆಲವನ್ನು ಎತ್ತಿ ಬಾಯಿಂದ ಬಾಲದವರೆಗೆ ಅಳೆಯಬೇಕು. ಕಾಕಾ ಒಂದು ಮೀನನ್ನು ಅಳತೆಪಟ್ಟಿಯ ಮೇಲೆ ಮಲಗಿಸಿ, "ಸ್ವಲ್ಪ ಸೀದಾ ಆಗ್ರಿ" ಎನ್ನುತ್ತಿದ್ದರು.

ಪಕ್ಕದಲ್ಲಿ ಬುಟ್ಟಿ ಇಟ್ಟುಕೊಂಡು ಕುಳಿತಿದ್ದ ಹೆಂಗಸು, "ಮೀನಿಗೂ ರೀ ಹೇಳ್ತ್ರಾ ಮಾಸ್ತರ್ರೇ?" ಎಂದಳು.

"ಸತ್ತವರಿಗೆ ಏಕವಚನ ಹಚ್ಚಬಾರದವ್ವಾ."

ಅವರ ಬಾಡಿಗೆ ಖೋಲಿಯಲ್ಲಿ ಎರಡು ಚಾಪೆ, ಎರಡು ಗಂಗಾಳ ಇದ್ದವು. ಇನ್ನೊಂದು ಯಾರಿಗೆ ಎಂದೆ. "ನಿಮ್ಮ ಕಾಕು ಬಂದ್ರ ನೆಲದ ಮ್ಯಾಲೆ ಉಣ್ಣಬೇಕೇನು?" ಎಂದರು. ಮುಂದಿನ ಚಳಿಗಾಲಕ್ಕೂ ಕರೆಯುತ್ತಾರಂತೆ, ಆಗ ಅವಳನ್ನು ಕರೆತರುವುದೇ ಸೈ ಎಂದೂ ಹೇಳಿದರು. ಸಂಜೆ ದೋಣಿಗಳ ಗದ್ದಲ ಮುಗಿದ ಮೇಲೆ ಟವೆಲ್ ಬಿಚ್ಚಿ, ನೀರಿನ ಅಂಚಿಗೆ ನಿಂತರು. ಮಾತೇ ಇಲ್ಲ. ಹಾನಗಲ್ಲಿನಲ್ಲಿ ಕಾಕಾ ಬಾಯಿ ಮುಚ್ಚಿದ್ದನ್ನು ನಾನು ಕಂಡಿರಲಿಲ್ಲ.

ಆಮೇಲೆ ಬಂಗಡೆ ಪ್ರಕರಣ. ಕಡಲ ಕಡೆ ಬಂಗಡೆ ಎಂದರೆ ಒಂದು ಜಾತಿಯ ಮೀನು. ಮರಾಠಿ ಬೆರೆತ ನಮ್ಮ ಮನೆಮಾತಿನಲ್ಲಿ ಬಾಂಗಡಿ ಎಂದರೆ ಕೈಬಳೆ, ಅದೂ ಬೆಳ್ಳಿ ಬಂಗಾರದ್ದು. ಮದುವೆಯಲ್ಲಿ ಹಾಕುತ್ತೇವೆಂದ ಬಾಂಗಡಿ ಕಾಕುವಿನ ಕೈಗೆ ಬಂದಿರಲೇ ಇಲ್ಲ. ಹೀಗಿರುವಾಗ ಕಾಕಾ ಕುಮಟೆಯಿಂದ ಬರುವ ಬಸ್ಸಿನ ಕಂಡಕ್ಟರನ ಬಾಯಲ್ಲಿ ಸುದ್ದಿ ಕಳಿಸಿದರು: ಇಲ್ಲಿಯ ಬಂಗಡೆ ಬೆಳ್ಳಿಯ ಹಾಗೆ ಹೊಳೆಯುತ್ತವೆ, ಸಂಕ್ರಮಣಕ್ಕೆ ತರುತ್ತೇನೆ! ಕಂಡಕ್ಟರನೂ ನಮ್ಮ ಕಡೆಯವನೇ. ಅವನಿಗೆ ಕೇಳಿಸಿದ್ದೂ ಬಾಂಗಡಿ, ಹೇಳಿದ್ದೂ ಬಾಂಗಡಿ.

ಕಾಕು ಓಣಿಗೆಲ್ಲ ಹೇಳಿದಳು. ಸವಣೂರಿನಿಂದ ಬಳೆಯ ಪೆಟ್ಟಿಗೆ ಹೊತ್ತು ಬಂದ ಚಾಚಾನನ್ನು, "ಈ ಸಲ ಬ್ಯಾಡ್ರಿ ಚಾಚಾ, ಮನ್ಯಾಗ ಬಾಂಗಡಿ ಬರಾಕತ್ತಾವು" ಎಂದು ವಾಪಸು ಕಳಿಸಿದಳು.

ಸಂಕ್ರಮಣದ ದಿನ ಕಾಕಾ ಎಲೆಯಲ್ಲಿ ಬಿಗಿಯಾಗಿ ಕಟ್ಟಿದ ಪೊಟ್ಟಣ ತಂದರು. ಕಾಕುವಿಗೆ ಆ ದಿನ ನೆಗಡಿ. ಮೂಗು ಕಟ್ಟಿರದಿದ್ದರೆ ಮುಂದಿನದೇನೂ ಆಗುತ್ತಿರಲಿಲ್ಲ. ಕಾಕಾ ಹಿತ್ತಲಲ್ಲಿ ಕೈಕಾಲು ತೊಳೆದು ಬರುವಷ್ಟರಲ್ಲಿ ಪೊಟ್ಟಣವನ್ನು ದೇವರ ಮುಂದಿಟ್ಟು, ಕುಂಕುಮ ಹಚ್ಚಿ, ಓಣಿಯ ಹೆಂಗಸರೆದುರು ಬಿಚ್ಚಿದಳು. ಒಳಗೆ ಸಾಲಾಗಿ ಜೋಡಿಸಿದ ಒಣ ಮೀನು!

ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ನಾನೂ ನಕ್ಕೆ. ಕಾಕು ನಗಲಿಲ್ಲ.

"ತಿನ್ನಾಕ ಅಲ್ಲ, ನೋಡಾಕ ತಂದೇನಿ" ಎಂದರು ಕಾಕಾ. "ನೀ ಬರಂಗಿಲ್ಲ ಅಂದಿ. ಬೆನ್ನ ಮ್ಯಾಲಿನ ಗೆರಿ ನೋಡು, ತೆರಿ ಇದ್ದಂಗ ಅದಾವು." ಆಮೇಲೆ ತಾವೇ ಬಗ್ಗಿ ನೋಡಿದರು. ಒಣಗಿದ ಮೀನಿನಲ್ಲಿ ಹೊಳಪೂ ಇರಲಿಲ್ಲ, ಗೆರೆಯೂ ಕಾಣುತ್ತಿರಲಿಲ್ಲ. "ಅಲ್ಲೆ ಹಿಂಗ ಇರಲಿಲ್ಲ" ಎಂದರು.

ದೇವರ ಕೋಣೆಯನ್ನು ಎಷ್ಟು ಸಲ ತೊಳೆದರೋ! ಪೊಟ್ಟಣವನ್ನು ಕೊನೆಗೆ ಸವಣೂರಿನ ಚಾಚಾ ಒಯ್ದ; ಬದಲಿಗೆ ಕಾಕುವಿನ ಕೈಗೆ ಹಸಿರು ಗಾಜಿನ ಬಳೆ ಏರಿಸಿದ. ಬಂಗಡೆಯಿಂದ ಅಂತೂ ಬಳೆ ಬಂದವು ಎಂದು ನಾವು ವರ್ಷಗಟ್ಟಲೆ ಹೇಳಿಕೊಂಡು ನಕ್ಕಿದ್ದೇವೆ.

ಮಾರನೆಯ ಚಳಿಗಾಲಕ್ಕೆ ಕಾಕಾನಿಗೆ ಕರೆ ಬಂತು. ಬಾ, ಒಂದೇ ಸಲ ಬಂದು ನೋಡು ಎಂದು ಕಾಕುವನ್ನು ಕೇಳಿದರು. ಅವಳು ಒಲೆಯ ಮುಂದಿನಿಂದ ಏಳದೆ, "ಬಾಂಗಡಿ ನೋಡೇನಲ್ರಿ, ಸಾಕು" ಎಂದಳು. ಕಾಕಾ ಒಬ್ಬರೇ ಹೋಗಬಹುದಿತ್ತು, ಹೋಗಲಿಲ್ಲ. ಅಡಿಕೆ ಅಂಗಡಿಗೆ ಮರಳಿದರು. ಕಟ್ಟೆಯ ಮೇಲೆ ಕುಳಿತು ಚಂದ್ರನನ್ನು ನೋಡಿ ಭರತ, ಇಳಿತ ಹೇಳತೊಡಗಿದ್ದು ಆ ಚಳಿಗಾಲದಿಂದಲೇ. "ಅಲ್ಲೆ ಏರಿದರ ನಮಗೇನ್ರಿ, ನಮ್ಮ ನಳದಾಗ ಹನಿ ನೀರಿಲ್ಲ" ಎಂದು ಕಾಕು ಒಳಗಿನಿಂದ ಕೂಗುತ್ತಿದ್ದಳು. ನಾವು ಆಗಲೂ ನಕ್ಕೆವು.

ಎಂಬತ್ತರ ದಶಕ ಮುಗಿಯುವ ಮೊದಲೇ ಕಾಕಾ ಹೋದರು. ಮರುವರ್ಷದ ಒಂದು ಹುಣ್ಣಿಮೆಯ ಮುಸ್ಸಂಜೆ ನಾನು ಹಾನಗಲ್ಲಿನಲ್ಲಿದ್ದೆ. ಕಾಕು ಅದೇ ಕಟ್ಟೆಯ ಮೇಲೆ ಕುಳಿತು ಅವರೆಕಾಯಿ ಸುಲಿಯುತ್ತಿದ್ದಳು. ಚಂದ್ರ ಎದುರು ಮನೆಯ ಹೆಂಚಿನ ಮೇಲೆ ಬಂದಾಗ ತಲೆ ಎತ್ತಿ ನೋಡಿ, "ಈಗ ಅಲ್ಲೆ ನೀರು ಹಿಂದಕ ಸರದಿರಬೇಕು" ಎಂದಳು.

ನನಗೆ ಹೇಳಿದ್ದೋ ಅಲ್ಲವೋ ತಿಳಿಯಲಿಲ್ಲ. ನಾನು ಕೇಳಿಬಿಟ್ಟೆ:

"ಕಾಕೂ, ಅವತ್ತು ಅವು ಖರೇನ ಬಾಂಗಡಿ ಆಗಿದ್ದರ, ನೀ ಹೋಗ್ತಿದ್ದೇನು?"

ಅವಳು ಚಂದ್ರನ ಮೇಲಿನ ಕಣ್ಣು ತೆಗೆಯದೆ, ಸುಲಿದ ಕಾಳನ್ನು ಸಿಪ್ಪೆಯ ರಾಶಿಗೆ ಹಾಕುತ್ತಿದ್ದಳು.